ಕರಿ ನಾಲ್ಕಕ್ಕಿಂತ ಕೂದಲೆಳೆ ಕೆಳಗೆ

ಕೋಡಿಬಾಗದಲ್ಲಿ, ಬಲೆ ಮಾರುವ ಸೊಸೈಟಿಯ ಮಾಳಿಗೆ.
ಕೆಳಗೆ ನೈಲಾನಿನ ನೀಲಿ ವಾಸನೆ, ಮೇಲೆ ಜಮಖಾನೆ.
ಚಪ್ಪಲಿ ಬಿಟ್ಟು ಕೂತವರು ಮೂವತ್ತೆರಡು ಜನ,
ಎಣಿಸಿದ್ದೇನೆ; ಎಣಿಸುವುದು ನನ್ನ ಕಸುಬು.
ಬಂದರು ಕಚೇರಿಯಲ್ಲಿ ದಿನಕ್ಕೆ ನಾಲ್ಕು ಸಲ
ಸಮುದ್ರ ಅಳತೆಗೋಲಿನ ಯಾವ ಗೆರೆಗೆ ನಿಂತಿದೆಯೆಂದು
ಓದಿ ಬರೆಯುವವ ನಾನು. ಸಂಜೆಗೆ ತಂಬೂರಿ.

ಹಾಡುವವಳು ಮೃಣ್ಮಯಿ ಗಾಂವಕರ, ಹದಿನೆಂಟು ತುಂಬಿಲ್ಲ.
ತಬಲಾಕ್ಕೆ ರೋಹಿದಾಸ ತಾಂಡೇಲ, ಐಟಿಐ ಎರಡನೇ ವರ್ಷ,
ಉಗುರ ಸಂದಿಯಲ್ಲಿ ತೊಳೆದರೂ ಹೋಗದ ಗ್ರೀಸು.
ಪಿಟೀಲಿಗೆ ಸೆವೆರಿನ್ ಡಾಯಸ್:
ಇಗರ್ಜಿಯಲ್ಲಿ ನಿಂತು ಕಲಿತದ್ದನ್ನು
ನೆಲಕ್ಕೆ ಕೂತು ನುಡಿಸಲು
ಅವನ ಮೊಣಕಾಲಿಗೇ ಎರಡು ವರ್ಷ ಪಾಠವಾಯಿತು.

"ಕಾಕಾ, ನೀವು ಸುಮ್ಮನೆ ಮೀಟುತ್ತಿರಿ, ಶ್ರುತಿ ಫೋನಿನಲ್ಲಿದೆ"
ಅಂದಳು ಹುಡುಗಿ, ನಯವಾಗಿಯೇ.
ತಪ್ಪಲ್ಲ. ಕಡಲ ಗಾಳಿಗೆ ನನ್ನ ಸೋರೆಬುರುಡೆ ಬೆವರುತ್ತದೆ,
ತಂತಿ ಸಡಿಲಿ ಕರಿ ನಾಲ್ಕರಿಂದ ಜಾರುತ್ತದೆ.
ಹಾಗಾಗಿ ತಾಗಿಯೂ ತಾಗದಂತೆ ಬೆರಳಾಡಿಸಿದೆ.
ಫೋಟೋದಲ್ಲಿ ಚೆನ್ನಾಗಿ ಬಂದಿರಬೇಕು.

ಮಾರವಾ ಎತ್ತಿದಳು.
ಬಲ್ಲವರು ಬಲ್ಲರು: ಈ ರಾಗಕ್ಕೆ ಮನೆಯಿದೆ, ಹೋಗುವುದಿಲ್ಲ.
ಷಡ್ಜದ ಹೊಸ್ತಿಲತನಕ ಬಂದು
ಒಳಗೆ ದೀಪ ಉರಿಯುವುದ ಕಂಡು
ಕೋಮಲ ರಿಷಭದ ಜಗಲಿಯಲ್ಲೇ ಕೂತುಬಿಡುತ್ತದೆ.
ಕಿಟಕಿಯಾಚೆ ಕಾಳಿ ಹೊಳೆಯೂ ಹಾಗೇ.
ಇಳಿತ ಮುಗಿದು ಭರತ ಶುರುವಾಗದ ಹತ್ತು ನಿಮಿಷ
ಅತ್ತ ಹರಿಯದೆ ಇತ್ತ ಹರಿಯದೆ ನೀರು;
ಸೇತುವೆಯ ಕಂಬದ ಸುತ್ತ ಕಸವೊಂದೇ ತಿರುಗುತ್ತಿತ್ತು.
ನನ್ನ ರಿಜಿಸ್ಟರಿನಲ್ಲಿ ಅದಕ್ಕೊಂದು ಕಲಂ ಇಲ್ಲ.

ವಿಲಂಬಿತ ಏಕತಾಳದ ಒಂಬತ್ತನೇ ಮಾತ್ರೆ,
ಅವಳು ಧೈವತದ ಮೇಲೆ ನಿಂತಿದ್ದಾಳೆ,
ಫೋನು ನಡುಗಿತು. ಶ್ರುತಿ ನಿಂತಿತು.
ಫೋನು ರೋಹಿದಾಸನದು. ಪರದೆಯ ಮೇಲೆ 'ಬಾಬಾ'.
ನಸುಕಿಗೆ ಪರ್ಸಿನ್ ಬೋಟು ಹತ್ತಿದ ಬಾಬಾ
ದಂಡೆಯ ಟವರು ಸಿಕ್ಕ ಕೂಡಲೇ ಕರೆದಿರಬೇಕು.
ಕೈ ಬಿಡುವಂತಿಲ್ಲ, ಸಮ್ಮಿಗೆ ಇನ್ನೂ ಮೂರು ಮಾತ್ರೆ;
ಬೆಳಕು ಅವನ ಮೊಣಕಾಲ ಬಳಿ
ಬುಟ್ಟಿಗೆ ಬಿದ್ದ ಬಂಗಡೆಯಂತೆ ಬಡಿದುಕೊಳ್ಳುತ್ತಿತ್ತು.

ಅವಳು ಹಾಡದ ಷಡ್ಜವನ್ನು ಫೋನು ಹಾಡುತ್ತಿತ್ತಲ್ಲ,
ಈಗ ಅದನ್ನು ಯಾರೂ ಹಾಡುತ್ತಿಲ್ಲ.
ಹೋಗದಿರುವುದಕ್ಕೂ ಮನೆಯೊಂದು ಇರಬೇಕು.
ಅವಳ ಕತ್ತಿನ ನರ ನನಗೆ ಹಿಂದಿನಿಂದ ಕಂಡಿತು.
ಧೈವತ ಅಲುಗಿತು, ಲಂಗರು ಕಿತ್ತ ಪಾತಿದೋಣಿ.

ಬೆರಳಿಗೆ ನಾನೇನೂ ಹೇಳಲಿಲ್ಲ. ಅದೇ ಒತ್ತಿತು.
ನಿ, ಸಾ, ಸಾ, ಖರ್ಜ.
ಕೂದಲೆಳೆಯಷ್ಟು ಕೆಳಗೆ, ಒದ್ದೆಯಾಗಿ, ನನ್ನದೇ ಶ್ರುತಿ.
ಮುಂದಿನ ಸಾಲಿನ ಮಾಸ್ತರರು ಮುಖ ಕಿವುಚಿದರು.
ನಿಲ್ಲಿಸಲೇ ಅಂದುಕೊಂಡೆ.
ನಿಲ್ಲಿಸಿದರೆ ಇನ್ನೇನೂ ಇರಲಿಲ್ಲ.

ಆಮೇಲೆ ಆದದ್ದು ಯಾರೂ ಹೇಳಿ ಆದದ್ದಲ್ಲ.
ಮೃಣ್ಮಯಿ ತಿರುಗಿ ನೋಡಲಿಲ್ಲ;
ತುಂಬಿದ ಕೊಡವನ್ನು ಸೊಂಟದಿಂದ ಇಳಿಸುವಂತೆ
ಸ್ವರವನ್ನು ನನ್ನ ಕಡೆಗೆ ಇಳಿಸಿದಳು.
ಸೆವೆರಿನ್ ಕಮಾನು ಎತ್ತಿಟ್ಟು, ಕಿವಿ ಬಾಗಿಸಿ, ಬಿರಡೆ ತಿರುವಿದ.
ರೋಹಿದಾಸ ಎಡಗೈಯಲ್ಲಿ ಠೇಕಾ ಹಿಡಿದೇ
ಬಲಗೈಯಲ್ಲಿ ಸುತ್ತಿಗೆ ತೆಗೆದು
ಗಜರೆಯನ್ನು ಕೆಳಗಿಂದ ಮೇಲಕ್ಕೆ ಎರಡು ಸಲ ತಟ್ಟಿದ.
ಒಂದು ಮಾತ್ರೆ ಎಡವಿತು. ಯಾರೂ ಕೈಹಿಡಿಯಲಿಲ್ಲ, ತಾನೇ ಎದ್ದಿತು.
ಮುಂದಿನ ಆವರ್ತದ ಸಮ್ಮಿಗೆ
ನಾಲ್ಕೂ ಜನ ಒಟ್ಟಿಗೆ, ತುಸು ಓರೆಯಾಗಿ, ಬಂದು ಬಿದ್ದೆವು.

ಮುಗಿದ ಮೇಲೆ ಮುರುಗಲ ಶರಬತ್ತು ಹಿಡಿದು
ಮಾಸ್ತರರು ಬಂದರು: "ಶ್ರುತಿ ಇಳಿದಿತ್ತು."
"ಹೌದು" ಅಂದೆ. ಎಷ್ಟು ಎಂದು ಕೇಳಿದ್ದರೆ
ಬರೆದೂ ಕೊಡುತ್ತಿದ್ದೆ.

ಜಮಖಾನೆ ಮಡಿಸುತ್ತ ಹುಡುಗಿ ಏನೋ ಗುನುಗುತ್ತಿದ್ದಳು.
ಮಾರವಾ ಅಲ್ಲ, ಯಾವ ರಾಗವೂ ಅಲ್ಲ, ಬರೀ ಸಾ.
ತಂಬೂರಿ ಆಗಲೇ ಗವಸಿನೊಳಗಿತ್ತು.
ಕೆಳಗೆ, ಕತ್ತಲ ಮೆಟ್ಟಿಲಲ್ಲಿ, ಒಂದು ಕಿವಿ ಮುಚ್ಚಿಕೊಂಡು
ರೋಹಿದಾಸ ಫೋನಿಗೆ ಕೂಗುತ್ತಿದ್ದ:
"ಐಸು ಎಷ್ಟು ಹೇಳಲಿ ಬಾಬಾ, ಎಷ್ಟು?"